ಕಂಬದ ತಿರುವಿನಲ್ಲಿ ಬಿಟ್ಟ ಕೊಂಡಿ

ಮಾವನ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಯಾವುದೋ ಕಾಲದಲ್ಲಿ ಕಾಯಿ ಸುಲಿಯುವಾಗ ಒಡೆದದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲ. ನಡುವೆ ಒಂದು ಸಣ್ಣ ಸಂದು ಉಳಿಯಿತು. ಪುಟಾಣಿ ರೈಲಿನ ಕೊಂಡಿಯನ್ನು ಆ ಸಂದಿಗೆ ಸಿಕ್ಕಿಸಿ ಎತ್ತಿದರೆ ಎರಡು ಬೋಗಿಗಳು ಸದ್ದಿಲ್ಲದೆ ಬೇರೆಯಾಗುತ್ತಿದ್ದವು. ನನ್ನ ನೆನಪಿನಲ್ಲಿ ಅದು ಬಲಗೈ. ಅವರ ಹೆಂಡತಿ ಎಡಗೈ ಎನ್ನುತ್ತಾರೆ. ಇಬ್ಬರಲ್ಲೊಬ್ಬರು ತಪ್ಪು. ಅದು ನಾನೇ ಇರಬಹುದು.

ಮಾವ ಎಂದು ಕರೆಯುತ್ತಿದ್ದೆ, ನೆಂಟರಲ್ಲ. ಹೊನ್ನವಳ್ಳಿಯಲ್ಲಿ ನಮ್ಮ ಎದುರು ಮನೆಯವರು, ತೆಂಗಿನ ತೋಟದವರು. ಅವರ ಹೆಂಡತಿ ನನಗೆ ಅತ್ತೆ. ಯಾರೋ ತಮ್ಮ ಮನೆಯೊಳಗೆ ಹಳಿ ಹಾಕಿ ರೈಲು ಓಡಿಸುವುದನ್ನು ಫೋನಿನಲ್ಲಿ ನೋಡಿದ ಮಾವ, ಬೆಂಗಳೂರಿಗೆ ಹೋಗಿ ಒಂದು ಎಂಜಿನ್ನು, ಕೆಲವು ಗೂಡ್ಸ್ ಬೋಗಿ, ಒಂದು ಕಟ್ಟು ಹಳಿ ತಂದರು. ವಯಸ್ಸು ಅರವತ್ತು ದಾಟಿತ್ತು. ತಿಪಟೂರು ಸ್ಟೇಷನ್ನು, ಅದರ ಬೆನ್ನಿಗೇ ಅವರ ತೋಟ: ಇದು ಯೋಜನೆ. ತೋಟ ಇರುವುದು ಸ್ಟೇಷನ್ನಿನ ಹತ್ತಿರ ಅಲ್ಲವಲ್ಲ ಎಂದೆ. “ಇಲ್ಲಿ ಐತೆ ಬುಡು” ಎಂದರು.

ಜಾಗ ಸಿಕ್ಕಿದ್ದು ಅಟ್ಟದಲ್ಲಿ. ನಮ್ಮ ಕಡೆ ಅಟ್ಟ ಎಂದರೆ ಕೊಬ್ಬರಿಯದು. ಹೆಚ್ಚುಕಡಿಮೆ ವರ್ಷವಿಡೀ ಕಾಯಿ ಅಲ್ಲಿ ಬಿದ್ದಿದ್ದು, ಒಳಗಿನ ನೀರು ಇಂಗಿ, ತಿರುಳು ಒಣಗಿ ಗಿಟುಕು ಕೊಬ್ಬರಿಯಾಗಬೇಕು. ಮಾವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, ಇನ್ನೂ ನೀರಿದೆ, ಇದು ಚಿಪ್ಪು ಬಿಟ್ಟಿದೆ ಎಂದು ಬೇರೆ ಮಾಡುತ್ತಿದ್ದರು. ಅರ್ಧ ಅಟ್ಟ ಖಾಲಿ ಮಾಡಿಸಿ ಹಲಗೆ ಜೋಡಿಸಿದಾಗ ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಬೀದಿಗೆ ಕೇಳುವಂತೆ, ಇವರ ರೈಲು ತಿಪಟೂರಿಗೆ ಹೋಗಿ ಕೊಬ್ಬರಿ ಮಾರಿಕೊಂಡು ಬರುತ್ತದಂತೆ, ನಾವಿನ್ನು ಆರಾಮ ಎಂದರು.

ನನಗೆ ತಂತಿ ಬೆಸುಗೆ ಹಾಕಲು ಬರುತ್ತಿತ್ತು. ಅಷ್ಟಕ್ಕೇ ನನ್ನ ಭಾನುವಾರಗಳು ಅಟ್ಟದಲ್ಲೇ ಹೋದವು.

ಮಾವನಿಗೆ ಬೇಕಿದ್ದದ್ದು ಒಂದೇ. ರೈಲು ಎಲ್ಲ ಬೋಗಿಗಳನ್ನೂ ಎಳೆದುಕೊಂಡು, ಯಾರ ಕೈಯೂ ತಾಕದೆ, ಒಂದು ಸುತ್ತು ಪೂರ್ತಿ ಬರಬೇಕು. ಬರಲಿಲ್ಲ. ಅಟ್ಟದ ಮಧ್ಯೆ ಮನೆಯ ಕಂಬವಿತ್ತು. ಅದನ್ನು ಬಳಸಿ ಹೋಗುವ ತಿರುವಿನಲ್ಲಿ ಕೊಂಡಿ ಬಿಟ್ಟುಕೊಳ್ಳುತ್ತಿತ್ತು. ಎಂಜಿನ್ನು ಹಗುರಾಗಿ ಮುಂದೆ ಓಡಿಬಿಡುತ್ತಿತ್ತು. ಬೋಗಿಗಳು ತೋಟದ ಪಕ್ಕ ನಿಂತಿರುತ್ತಿದ್ದವು. ಸಣ್ಣ ತಂತಿಯಲ್ಲಿ ಕಟ್ಟಿಬಿಡೋಣ ಎಂದೆ.

“ಕಟ್ಟಿದ್ರೆ ಅದು ಕೊಂಡಿ ಅಲ್ಲ ಕಣಪ್ಪ, ಹಗ್ಗ. ಹಿಡ್ಕಳಾಕೂ ಬರ್ಬೇಕು, ಬಿಡಾಕೂ ಬರ್ಬೇಕು.”

ತೋಟವನ್ನು ಮಾತ್ರ ಅವರು ಬಹಳ ಚೆನ್ನಾಗಿ ಮಾಡಿದ್ದರು; ಅದೇ ನನ್ನ ಸಿಟ್ಟು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ತೆಂಗಿನ ಮರಗಳನ್ನು ತರಿಸಿಕೊಟ್ಟೆ. ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಇವು ಸಮುದ್ರದ ಕಡೆಯ ಮರ, ಬಾಗಿವೆ, ನಮ್ಮವು ನೆಟ್ಟಗಿರುತ್ತವೆ ಎಂದರು. ಪೊರಕೆ ಕಡ್ಡಿಗೆ ದಾರ ಸುತ್ತಿ ಕಾಂಡ ಮಾಡಿದರು. ಕಾಗದ ಕತ್ತರಿಸಿ, ಬಣ್ಣ ಬಳಿದು ಗರಿ ಮಾಡಿದರು. ಒಣಗಿ ಜೋತ ಗರಿ ಕೂಡ. ನೆಲಕ್ಕೆ ತೆಂಗಿನ ನಾರಿನ ಪುಡಿಯನ್ನು ಅಂಟು ಹಾಕಿ ಉದುರಿಸಿದರು. ಫ್ಯಾನ್ ಹಾಕಿದರೆ ಆ ಪುಡಿ ಎದ್ದು ಹಳಿಯ ಮೇಲೆ ಕೂರುತ್ತಿತ್ತು. ಹಾಕದಿದ್ದರೆ ಅಟ್ಟದಲ್ಲಿ ನಾವು ಬೇಯುತ್ತಿದ್ದೆವು.

ಚಳಿಗಾಲ ಬಂತು. ಈಗ ರೈಲು ಬೆಳಿಗ್ಗೆ ಅಲುಗಾಡುವುದನ್ನೇ ನಿಲ್ಲಿಸಿತು. ಮಧ್ಯಾಹ್ನ ಓಡುತ್ತದೆ, ಬೆಳಿಗ್ಗೆ ಇಲ್ಲ. ಕರೆಂಟನ್ನು ಬೈದೆವು. ನನ್ನ ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ಒಂದು ಬೆಳಿಗ್ಗೆ ಅತ್ತೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಕರಗಲೆಂದು ಬಿಸಿಲಿಗೆ ಇಡುತ್ತಿದ್ದರು. ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿತ್ತು. ಸುಮ್ಮನೆ ಅದನ್ನೇ ನೋಡುತ್ತ ನಿಂತೆ. ಆಮೇಲೆ ಅಟ್ಟ ಹತ್ತಿ, ಎಂಜಿನ್ನಿಗೆ ಯಾವ ಎಣ್ಣೆ ಬಿಡುತ್ತೀರಿ ಎಂದು ಕೇಳಿದೆ.

“ಯಾವ್ದು ಅಂದ್ರೆ? ಎಣ್ಣೆ ಕಣಪ್ಪ.”

ಗಾಣದಲ್ಲಿ ಆಡಿಸಿದ ಸ್ವಂತ ತೋಟದ ಕೊಬ್ಬರಿ ಎಣ್ಣೆ. ಕಡ್ಡಿಯ ತುದಿಗೆ ಹತ್ತಿ ಸುತ್ತಿ ದಿನಾ ಎಂಜಿನ್ನಿನ ಹಲ್ಲುಗಳಿಗೆ, ಗಾಲಿಗೆ, ಕೊಂಡಿಗೆ ಹಚ್ಚುತ್ತಿದ್ದರು. ಅದಕ್ಕೆ ನಾರಿನ ಪುಡಿ ಮೆತ್ತಿ ಎಲ್ಲ ಸೇರಿ ಒಂಥರ ಚಟ್ನಿಯಾಗಿತ್ತು. ಸ್ಪಿರಿಟ್ಟಿನಲ್ಲಿ ತೊಳೆದು, ಹೊಲಿಗೆ ಮಿಶನ್ ಎಣ್ಣೆ ಬಿಟ್ಟೆ. ಎಂಜಿನ್ನು ಬೆಳಗಿನ ಚಳಿಯಲ್ಲೂ ಓಡಿತು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಚೆಂದದ ಕಥೆ. ಊರಲ್ಲಿ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ, ನಗುತ್ತಾರೆ. ಆದರೆ ಎಂಜಿನ್ನು ಓಡಿತು, ಕಂಬದ ತಿರುವಿಗೆ ಬಂತು, ಕೊಂಡಿ ಬಿಟ್ಟಿತು. ಎಣ್ಣೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ತಿರುವು ಬಿಗಿಯಾಗಿತ್ತು, ಅಷ್ಟೆ. ಹಳಿಯನ್ನು ಮೂರು ಬೆರಳು ಹೊರಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು. ಸರಿಸಬೇಕಾದ ಜಾಗದಲ್ಲಿ ಎರಡು ಮರಗಳಿದ್ದವು. ದಾರ, ಕಾಗದ, ಪೊರಕೆ ಕಡ್ಡಿ. ಕಿತ್ತು ಬೇರೆ ಕಡೆ ನೆಡೋಣ ಎಂದೆ. ಮಾವ ಆ ಮರಗಳನ್ನೂ ನನ್ನನ್ನೂ ನೋಡಿದರು.

“ಫಲ ಬಿಡೋ ಮರ ಕೀಳ್ತಾರೇನಪ್ಪ ಯಾರಾದ್ರೂ?”

ತಮಾಷೆ ಅಂದುಕೊಂಡೆ. ಅಲ್ಲ. ಅವುಗಳಿಗೆ ಸಾಸಿವೆ ಕಾಳಿನ ಗೊನೆ ಅಂಟಿಸಿದ್ದರು. ನಮ್ಮಲ್ಲಿ ಯಾರೂ ಕಾಯಿ ಬಿಡುವ ಮರಕ್ಕೆ ಕೊಡಲಿ ಹಾಕುವುದಿಲ್ಲ, ನಿಜ. ಆದರೆ ಸಾಸಿವೆಗೂ ಅದನ್ನೇ ಹೇಳಿದರೆ ಏನು ಮಾಡುವುದು? ನಾನು ಕೂಗಾಡಿದೆ. ಅವರು ಕೊಂಡಿಯ ಮೂತಿಯನ್ನು ಉಗುರಿನಲ್ಲಿ ಒಂದಿಷ್ಟು ಬಗ್ಗಿಸುತ್ತ ಕೂತರು. ಹೀಗೇ ತಿಂಗಳುಗಟ್ಟಲೆ. ಬಗ್ಗಿಸುವುದು, ಓಡಿಸುವುದು, ಬಿಟ್ಟುಕೊಳ್ಳುವುದು.

ಆಮೇಲೆ ಅವರಿಗೆ ಉಸಿರಿನ ತೊಂದರೆ ಬಂತು. ಏಣಿ ಹತ್ತಬೇಡಿ ಎಂದರು ಡಾಕ್ಟರು. ನಡುಮನೆಯಲ್ಲಿ, ಅಟ್ಟದ ಕೆಳಗೇ ಹಾಸಿಗೆ ಹಾಕಿಸಿಕೊಂಡರು. ಒಂದು ಮಧ್ಯಾಹ್ನ ಹೇಳಿ ಕಳಿಸಿದರು: ಮೇಲೆ ಹೋಗಿ ಓಡಿಸಬೇಕಂತೆ, ತಾವು ಕೆಳಗಿಂದ ಕೇಳುತ್ತಾರಂತೆ.

ಅಟ್ಟಕ್ಕೆ ಹಾಸಿದ್ದು ಬಿದಿರಿನ ದಬ್ಬೆ. ಸಂದಿನಲ್ಲಿ ಅವರ ಬಿಳಿ ಪಂಚೆ ಕಾಣುತ್ತಿತ್ತು. ಬೋಗಿಗಳನ್ನು ಸೇರಿಸಿ ಗುಂಡಿ ತಿರುಗಿಸಿದೆ. ಸ್ಟೇಷನ್ ದಾಟಿತು, ತೋಟದ ಅಂಚಿಗೆ ಬಂತು, ಕಂಬವನ್ನು ಬಳಸತೊಡಗಿತು. ನಾನು ಬಾಯಿ ತೆರೆದಿರಲಿಲ್ಲ.

“ಬುಡ್ತು” ಎಂದಿತು ಕೆಳಗಿನ ದನಿ.

ಬೋಗಿಗಳಿರುವ ಎಂಜಿನ್ನಿನ ಸದ್ದಿಗೂ ಇಲ್ಲದ ಎಂಜಿನ್ನಿನ ಸದ್ದಿಗೂ ಇರುವ ವ್ಯತ್ಯಾಸ ಹಿಡಿಯುವುದು, ಕಾಯಿ ಅಲ್ಲಾಡಿಸಿ ನೀರು ಹೇಳುವ ಆ ಕಿವಿಗೆ ದೊಡ್ಡ ಮಾತಾಗಿರಲಿಲ್ಲ. ಮತ್ತೆ ಸೇರಿಸಿದೆ. ಮತ್ತೆ ಬಿಟ್ಟಿತು, ಮತ್ತೆ ಅದೇ ದನಿ. ಕೊನೆಗೆ ತಡೆಯಲಾಗದೆ, ಎರಡೇ ಮರ ಮಾವ, ತೆಗೆದುಬಿಡಲಾ ಎಂದು ದಬ್ಬೆಯ ಮೇಲೆ ಬಗ್ಗಿ ಕೇಳಿದೆ.

“ಬ್ಯಾಡ. ಇಳಿ, ಕಾಪಿ ಕುಡಿ. ನಾಳೆ ನೋಡಾನ.”

ಆ ನಾಳೆ ಬರಲಿಲ್ಲ. ಅದೇ ವಾರ ತೀರಿಕೊಂಡರು.

ಕಾರ್ಯದ ದಿನ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: ಕೊನೆಗೆ ರೈಲು ಒಂದು ಸುತ್ತು ಪೂರ್ತಿ ಓಡಿತು, ಅವರು ಮಲಗಿದ್ದಲ್ಲೇ ಕೇಳಿಸಿಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚಿದರು, ಬೇಕಿದ್ದರೆ ಇವನನ್ನೇ ಕೇಳಿ. ಜನ ನನ್ನ ಕಡೆ ತಿರುಗಿದರು. ಇಲ್ಲ, ಬಿಟ್ಟಿತು ಎಂದೆ. ಬಡಿಸುವವರು ಪಾಯಸದ ಪಾತ್ರೆಯನ್ನು ಮುಂದಿನ ಎಲೆಗೆ ಒಯ್ದರು. ಅಡುಗೆ ಮನೆಯಲ್ಲಿ ಅತ್ತೆ ನನ್ನನ್ನು ಹಿಡಿದುಕೊಂಡರು.

“ನಂಗೊತ್ತಿಲ್ವೇನಪ್ಪ, ನಾನೂ ಅಲ್ಲೇ ಇದ್ದೆ. ಓಡ್ತು ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು? ಈಗ್ಲಾದ್ರೂ ಹತ್ತಿ ಆ ಎರಡು ಮರ ಕಿತ್ಬುಡು. ಓಡ್ಲಿ.”

ಹತ್ತಿದೆ. ಹೊಸ ಕಾಯಿಯ ರಾಶಿ ಆಗಲೇ ಸ್ಟೇಷನ್ನಿನವರೆಗೆ ಬಂದಿತ್ತು. ಮರದ ಬುಡಕ್ಕೆ ಬೆರಳಿಟ್ಟೆ. ಕೀಳಲು ಬಲವೇನೂ ಬೇಡ. ಅವರ ಹಟ ಸರಿ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ಆದರೂ ಬೆರಳು ತೆಗೆದೆ, ಬೋಗಿಗಳನ್ನು ಸೇರಿಸಿದೆ, ಓಡಿಸಿದೆ. ಕಂಬದ ತಿರುವಿನಲ್ಲಿ ಕೊಂಡಿ ಬಿಟ್ಟಿತು. ಕೆಳಗಿನಿಂದ ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೇಳಿದೆ, ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ: “ಬುಡ್ತು.”