ಬನ್ನಿ ಇಲ್ಲದ ದಸರಾ

ನನ್ನ ಮೈದುನನ ಹೆಂಡತಿಯ ಮೇಲೆ ನನಗಿರುವ ಸಿಟ್ಟಿಗೆ ಇದು ಒಂಬತ್ತನೇ ವರ್ಷ. ಅದನ್ನು ಚೆನ್ನಾಗಿಯೇ ಸಾಕಿದ್ದೇನೆ.

ಅದಕ್ಕೂ ಮುಂಚೆ ದಸರಾ ನಮ್ಮ ಮನೆಯದಾಗಿತ್ತು. ಮಂಗಳವಾರವಾಗಲಿ, ಗುರುವಾರವಾಗಲಿ, ವಿಜಯದಶಮಿಯ ಸಂಜೆ ಎಲ್ಲರೂ ಆಫೀಸು ಮುಗಿಸಿ ನೇರ ರೆಡ್‌ವುಡ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತಿದ್ದರು. ಹೋಳಿಗೆ, ಕಟ್ಟಿನ ಸಾರು, ಊಟವಾದ ಮೇಲೆ ಬನ್ನಿ. ನಾವು ಧಾರವಾಡದ ಕಡೆಯವರು. ಆ ದಿನ ಚಿಕ್ಕವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು, "ಬಂಗಾರದ್ಹಂಗ ಇರೋಣು" ಅಂದು ಕಾಲಿಗೆ ಬೀಳಬೇಕು. ಮಾತು ಬಿಟ್ಟವರೂ ಅಂದು ತಪ್ಪಿಸುವಂತಿಲ್ಲ. ಈ ಪರದೇಶದಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು? ಅತ್ತೆಯೇ ಎಲೆ ಒಣಗಿಸಿ, ಊರಿಂದ ಬರುವವರ ಕೈಯಲ್ಲಿ ನನಗೆ ಕಳಿಸುತ್ತಿದ್ದರು.

ಆಮೇಲೆ ಮೈದುನ ದೂರದ ಎವರ್‌ಗ್ರೀನ್ ಬಡಾವಣೆಯಲ್ಲಿ ದೊಡ್ಡ ಮನೆ ತೆಗೆದುಕೊಂಡ. ಅವನ ಹೆಂಡತಿ ಮೈಸೂರಿನವಳು, ಗೊಂಬೆ ಕೂರಿಸುವವಳು.

"ಇನ್ಮೇಲೆ ದಸರಾ ಶನಿವಾರ ನಮ್ಮನೇಲೇ ಮಾಡೋಣ ಅಕ್ಕ. ವೀಕ್‌ಡೇ ಯಾರಿಗೂ ಆಗಲ್ಲ. ನಿಮ್ಮನೆ ಹತ್ರ ಪಾರ್ಕಿಂಗೂ ಸಿಗಲ್ಲ" ಅಂದಳು.

ಹೋಳಿಗೆ ನಾನು ಮಾಡಿ ತರುತ್ತೇನೆ ಅಂದೆ.

"ಅಯ್ಯೋ ಬೇಡ, ಕೇಟರಿಂಗ್ ಹೇಳ್ಬಿಟ್ಟಿದೀನಿ. ನೀವು ಪೇಪರ್ ಪ್ಲೇಟ್ ತಂದ್ಬಿಡಿ, ಸಾಕು."

ಹಿರಿಯ ಸೊಸೆ ನಾನು. ಪೇಪರ್ ಪ್ಲೇಟು!

ಏಳು ವರ್ಷ ಪ್ಲೇಟು ಒಯ್ದೆ. ಆದರೆ ಬ್ಯಾಗಿನಲ್ಲಿ ಬನ್ನಿಯೂ ಇರುತ್ತಿತ್ತು. ಊಟವಾದ ಮೇಲೆ ಅವಳು ತನ್ನ ಅಷ್ಟೂ ಗೆಳತಿಯರ ಮುಂದೆ ನನ್ನ ಕೈಗೆ ಎಲೆ ಕೊಟ್ಟು ಬಗ್ಗಲೇಬೇಕಿತ್ತು. ಸುಳ್ಳೇಕೆ ಹೇಳಲಿ, ಆ ಒಂದು ಗಳಿಗೆಗಾಗಿಯೇ ನಾನು ಫ್ರೀವೇ ಟ್ರಾಫಿಕ್ಕಿನಲ್ಲಿ ಅಷ್ಟು ದೂರ ಹೋಗುತ್ತಿದ್ದೆ. ನಿಧಾನವಾಗಿ ಆಶೀರ್ವಾದ ಮಾಡುತ್ತಿದ್ದೆ. ಬೇಕೆಂದೇ ನಿಧಾನವಾಗಿ.

ಹೋದ ವರ್ಷ ಅತ್ತೆ ಬಂದಿದ್ದರು. ಅವರನ್ನು ಮೆಚ್ಚಿಸಬೇಕೆಂದು ಇವಳು ಹುಬ್ಬಳ್ಳಿ-ಧಾರವಾಡದ ಮನೆಗಳನ್ನೆಲ್ಲ ಹುಡುಕಿ ಹುಡುಕಿ ಕರೆದಳು. 'ಏಳು ಗಂಟೆಗೆ ಬನ್ನಿ ವಿನಿಮಯ' ಎಂದು ವಾಟ್ಸ್ಯಾಪಿನಲ್ಲಿ ಹಾಕಿದಳು. ಬನ್ನಿ ತನ್ನಿ ಎಂದು ನನಗೆ ಒಂದು ಮಾತು ಹೇಳಲಿಲ್ಲ. ಹೇಗೂ ತರುತ್ತಾಳೆ ಎಂಬ ಧೈರ್ಯ. ನಾನು ಎಲೆಯ ಚೀಲವನ್ನು ಫ್ರೀಜರಿನಲ್ಲೇ ಬಿಟ್ಟು ಪ್ಲೇಟು ಮಾತ್ರ ಹಿಡಿದು ಹೊರಟೆ. ದಾರಿಯುದ್ದಕ್ಕೂ ಹೊಟ್ಟೆ ತಣ್ಣಗಿತ್ತು.

ಏಳು ಗಂಟೆಗೆ ಬಂದು, "ಅಕ್ಕ, ಬನ್ನಿ?" ಅಂದಳು.

"ನೀ ಪ್ಲೇಟ್ ಅಷ್ಟ ಹೇಳಿದ್ದಿಯಲ್ಲ?"

ಅವಳ ಮುಖದ ಬಣ್ಣ ಇಳಿದದ್ದನ್ನು ನೋಡಿ ನನಗಾದ ಸಂತೋಷಕ್ಕೆ ಈಗಲೂ ನಾಚಿಕೆಯಿಲ್ಲ. ಓಡಿಹೋಗಿ ಹಿತ್ತಲಲ್ಲಿದ್ದ ಯಾವುದೋ ಗಿಡದ ಎಲೆ ಕತ್ತರಿಸಿ, ಬೆಳ್ಳಿ ತಟ್ಟೆಯಲ್ಲಿಟ್ಟು ತಂದಳು. ಹುಬ್ಬಳ್ಳಿಯ ಅಜ್ಜ ಒಬ್ಬರು ಕೈಗೆತ್ತಿಕೊಂಡು ತಿರುವಿ ನೋಡಿ, "ಇದು ಬನ್ನಿ ಅಲ್ಲ ಬಿಡ್ರಿ" ಅಂದರು. ಯಾರೋ ನಕ್ಕರು.

ಅಷ್ಟಕ್ಕೇ ನಿಂತಿದ್ದರೆ ಗೆದ್ದಿದ್ದೆ. ಬರ್ಕ್ಲಿಯಲ್ಲಿ ಓದುವ, ಆ ವಾರಾಂತ್ಯ ಮನೆಗೆ ಬಂದಿದ್ದ ನನ್ನ ಮಗಳು, "ವೇಟ್, ಬನ್ನಿ ನಮ್ಮ ಫ್ರೀಜರ್‌ನಲ್ಲಿದೆ. ಐ ಸಾ ಇಟ್ ದಿಸ್ ಮಾರ್ನಿಂಗ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು. ಅತ್ತೆ ನನ್ನನ್ನೇ ನೋಡಿದರು.

"ಮರತಿಯೇನವಾ?"

"ಇಲ್ಲ ಅತ್ತಿ, ಬಿಟ್ಟ ಬಂದೆ" ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮೈದುನನ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಅವಳು ನನ್ನ ಕಾಲಿಗೆ ಬೀಳಲಿಲ್ಲ.

ಅತ್ತೆ ಊರಿಗೆ ಹೋದರು. ಈ ವರ್ಷವೂ ಎಲೆ ಕಳಿಸಿದರು, ನನ್ನ ಹೆಸರಿಗೇ. ಮೈದುನನ ಮನೆಯ ಮೆಸೇಜು ಬಂತು: ಗೊಂಬೆ, ಹಾಡು, ಊಟ. ಬನ್ನಿಯ ಸುದ್ದಿಯೇ ಇರಲಿಲ್ಲ. ಯಾರಾದರೂ ಕೇಳುತ್ತಾರೆಂದು ಎರಡು ದಿನ ಫೋನು ನೋಡುತ್ತ ಕೂತೆ. ನಲವತ್ತು ಜನರಿರುವ ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ. ಹುಬ್ಬಳ್ಳಿಯ ಅಜ್ಜ ಕೂಡ ಹೆಬ್ಬೆರಳಿನ ಎಮೋಜಿ ಒತ್ತಿ ಮುಗಿಸಿದರು.

ಸರಿ, ನಿಮ್ಮ ಶನಿವಾರ ನಿಮಗಿರಲಿ ಎಂದು ವಿಜಯದಶಮಿಯ ದಿನವೇ ಹೋಳಿಗೆ ಮಾಡಿ ಮಗಳಿಗೆ ಫೋನು ಮಾಡಿದೆ.

"ಕ್ಲಾಸಿದೆ ಅಮ್ಮಾ. ಎನಿವೇ ಸ್ಯಾಟರ್ಡೇ ಚಿಕ್ಕಮ್ಮನ ಮನೇಲಿ ದಸರಾ ಇದೆಯಲ್ಲಾ" ಅಂದಳು.

ಅವಳ ಮಟ್ಟಿಗೆ ದಸರಾ ಅದೇ. ಹತ್ತು ವರ್ಷದವಳಿದ್ದಾಗಿನಿಂದ ಅವಳು ನೋಡಿದ್ದೂ ಅದನ್ನೇ.

ಸಂಜೆ ಗಂಡ ಆಫೀಸಿನಿಂದ ಬಂದರು. ದೇವರ ಮುಂದೆ ದೀಪ ಹಚ್ಚಿ, ಅವರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ಎದ್ದು, ರೂಢಿಯಂತೆ ಕೈ ಮುಂದೆ ಚಾಚಿದೆ. ನನಗೆ ಕೊಡಲು ನನಗಿಂತ ಚಿಕ್ಕವರು ಮನೆಯಲ್ಲಿ ಯಾರೂ ಇರಲಿಲ್ಲ.