ಕಂಬಳಿಯ ಮೇಲೆ ಮೂರು ತಪ್ಪು

1979ರಲ್ಲಿ ನಾನು ಜಗಳೂರಿನಲ್ಲಿ ಪಶುವೈದ್ಯನಾಗಿದ್ದೆ. ಆ ಬೇಸಿಗೆ ಸುತ್ತಲಿನ ಊರುಗಳಲ್ಲಿ ಕುರಿಸಿಡುಬು ಕಾಣಿಸಿಕೊಂಡಿತು. ಬಂದಮೇಲೆ ಅದಕ್ಕೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಬೇಕು. ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ಒಯ್ಯಬೇಕು. ಐಸ್ ಕರಗಿತೋ, ಲಸಿಕೆ ಕೆಟ್ಟಿತು. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿದರೆ ಮಧ್ಯಾಹ್ನದವರೆಗೆ ಮಾತ್ರ ಅವಕಾಶ.

ಐದು ಮೈಲಿ ದೂರದ ಹಟ್ಟಿಯೊಂದರಲ್ಲಿ ನಿಂಗಪ್ಪ, ಓಬಣ್ಣ ಎಂಬ ಅಣ್ಣತಮ್ಮಂದಿರಿದ್ದರು. ಇಬ್ಬರದೂ ಸೇರಿ ನೂರೆಂಬತ್ತು ಕುರಿ. ಮೂರು ವರ್ಷದಿಂದ ಮಾತಿಲ್ಲ. ಹಿಂಡು ಭಾಗವಾದಾಗ ತಮ್ಮನ ಪಾಲಿಗೆ ಬಂದ ಕಾವಲುನಾಯಿ ಅಣ್ಣನ ಮನೆಗೇ ಹೋಗಿ ನಿಂತಿತ್ತು. ಜಗಳ ಅಲ್ಲಿಂದ ಶುರು. ತಂಟೆ ಬೇಡವೆಂದು ನಾನು ಹಿಂದಿನಿಂದಲೂ ಅಣ್ಣನ ಕುರಿಗೆ ಸೋಮವಾರ, ತಮ್ಮನ ಕುರಿಗೆ ಗುರುವಾರ ಎಂದು ಗೊತ್ತುಮಾಡಿದ್ದೆ. ಈ ಸಲ ಲಸಿಕೆ ಸಿಕ್ಕಿದ್ದು ಒಂದೇ ದಿನಕ್ಕೆ. ಅಷ್ಟೂ ಕುರಿ ಒಟ್ಟಿಗೆ ಕೂಡಿಹಾಕುವಂಥ ದೊಡ್ಡಿಯೂ ಒಂದೇ, ಅಣ್ಣನದು.

“ನಾಯಿ ಇಟ್ಕಂಡೋನು ಕುರೀನೂ ಇಟ್ಕಂತಾನೆ ಸಾರ್. ನಾನು ಹೊಡ್ಕಂಡು ಬರಾಕಿಲ್ಲ,” ಎಂದ ಓಬಣ್ಣ.

ಗಂಟೆ ಹತ್ತಾಯಿತು. ಅವರ ಸೋದರತ್ತೆ ಹನುಮಕ್ಕ ಬೇವಿನ ನೆರಳಲ್ಲಿ ಕರಿಕಂಬಳಿ ಹಾಸಿ ಇಬ್ಬರನ್ನೂ ಕೂರಿಸಿದರು. ಅದು ಆ ಮನೆತನದ ಪದ್ಧತಿ. ಕಂಬಳಿಯ ಮೇಲೆ ಕೂತವರು ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ಹಿರಿಯರಿಗಷ್ಟೇ ಹೇಳಬೇಕು. ಅದೂ ತನ್ನ ತಪ್ಪನ್ನು ಮಾತ್ರ. ಅಲ್ಲಿ ಆಡಿದ್ದನ್ನು ಮತ್ತೆಂದೂ ಎತ್ತಬಾರದು.

ನಿಂಗಪ್ಪ ಕಂಬಳಿಯ ಎಳೆ ಕೀಳುತ್ತ ಹೇಳಿದ. “ನಾಯಿ ತಾನಾಗಿ ಬರ್ಲಿಲ್ಲ ಅತ್ತೆ. ದಿನಾ ಮುದ್ದೆಗೆ ಮಜ್ಜಿಗೆ ಕಲಸಿ ಬೇಲಿ ಸಂದಿಯಾಗೆ ಇಡ್ತಿದ್ದೆ.”

ಓಬಣ್ಣನ ದನಿ ಇಳಿದಿತ್ತು. “ನಾನು ಅಣ್ಣನ ಕುರಿಗೆ ಕಜ್ಜಿ ಐತೆ ಅಂತ ಸಂತೆಯಾಗೆಲ್ಲ ಹೇಳ್ಕಂಡು ಬಂದೆ.”

ನಾನು ಗಡಿಯಾರ ನೋಡಿದ್ದು ಹನುಮಕ್ಕನ ಕಣ್ಣಿಗೆ ಬಿತ್ತು. “ನಿಮ್ದೂ ಒಂದೈತೆ ಡಾಕ್ಟ್ರೇ, ಕೂತ್ಕಳ್ರಿ.”

“ನಂದೇನಮ್ಮ?”

“ಸೋಮವಾರ ಅವನಿಗೆ, ಗುರುವಾರ ಇವನಿಗೆ ಅಂದೋರು ಯಾರು? ಇವರು ಮನೆ ಒಡೆದ್ರು, ನೀವು ವಾರಾನೂ ಒಡೆದ್ರಿ!”

ಬೂಟು ಬಿಚ್ಚಿ ಕೂತೆ, ತಪ್ಪಾಯಿತು ಎಂದೆ. ಅಣ್ಣತಮ್ಮಂದಿರು ಒಟ್ಟಿಗೇ ನಕ್ಕರು.

“ಬಿಟ್ಟಿರೇನ್ರೋ?” ಎಂದು ಹನುಮಕ್ಕ ಕೇಳಿದರು. “ಬಿಟ್ಟೆ,” ಎಂದ ಒಬ್ಬ. “ಬಿಟ್ಟೆ,” ಎಂದ ಇನ್ನೊಬ್ಬ. ಆಮೇಲೆ ಒಂದೇ ಗಂಗಾಳದಲ್ಲಿ ಮುದ್ದೆ ಬಂತು. ಮೂವರೂ ಉಂಡೆವು.

ಹನ್ನೊಂದಕ್ಕೆ ಸೂಜಿ ಹಿಡಿದೆ. ಅಣ್ಣ ಕುರಿ ಹಿಡಿದ, ತಮ್ಮ ಕಾಲು ಎತ್ತಿದ. “ಗಟ್ಟಿಯಾಗಿ ಹಿಡ್ಕಳೋ, ಉಂಡಿಲ್ಲೇನು?” ಮೂರು ವರ್ಷದ ನಂತರ ಅಣ್ಣ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಹನ್ನೆರಡೂವರೆಗೆ ಕೊನೆಯ ಕುರಿಗೂ ಲಸಿಕೆ ಬಿತ್ತು. ಆ ವರ್ಷ ಅವರ ಹಿಂಡಿನಲ್ಲಿ ಒಂದೂ ಸಾಯಲಿಲ್ಲ.

ಶಿಸ್ತಿನ ಹೆಸರಿನಲ್ಲಿ ನಾನು ಜಗಳಕ್ಕೆ ವೇಳಾಪಟ್ಟಿ ಹಾಕಿಕೊಟ್ಟಿದ್ದೆ. ಮುಂದೆ ಹೊನ್ನಾಳಿಗೆ, ಚನ್ನಗಿರಿಗೆ ವರ್ಗವಾದಾಗಲೂ ಒಂದು ಮನೆತನಕ್ಕೆ ಒಂದೇ ದಿನ ಕೊಟ್ಟೆ. ಒಪ್ಪದವರಿಗೆ ಹೇಳುತ್ತಿದ್ದೆ: “ಮೊದಲು ಒಟ್ಟಿಗೆ ಕೂತು ಮಾತಾಡ್ರಿ, ನಾನು ಕಾಯ್ತೀನಿ.”