ಇಳಕಲ್ಲಿಗೆ ಒಯ್ದ ಟ್ಯಾಂಗೊ

ಎಂಬತ್ತೆರಡರ ಬೇಸಿಗೆ. ಬಾದಾಮಿಯಲ್ಲಿ ಬೆಳಗಿನ ಏಳರ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಬಾಗಲಕೋಟೆಯ ಗೆಳೆಯನಿಂದ ಕಡ ತಂದ ಟೇಪ್ ರೆಕಾರ್ಡರ್ ಇತ್ತು. ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ಕಂಡಕ್ಟರ್ ನೋಡಿ, "ಕೂಸಿಗೂ ಅರ್ಧ ಟಿಕೀಟ್ ತಗೋತೀರೇನ್ರಿ?" ಎಂದ. ಬಸ್ಸೆಲ್ಲ ನಕ್ಕಿತು.

ಒಳಗಿನ ಕ್ಯಾಸೆಟ್ಟು ಅರ್ಜೆಂಟೀನಾದ ಪ್ರವಾಸಿಯೊಬ್ಬ ಕೊಟ್ಟದ್ದು. ಗೈಡ್ ಆಗಿ ಬಾದಾಮಿಯ ಗುಹೆ ತೋರಿಸುವಾಗ ಹದಿನೆಂಟು ಕೈಯ ಶಿವನಿಗೆ ನಾನು ಇಪ್ಪತ್ತು ಕೈ ಎಣಿಸಿದ್ದರೂ ಅವನಿಗೆ ನನ್ನ ಮೇಲೆ ಪ್ರೀತಿ ಹುಟ್ಟಿತ್ತು. ಟ್ಯಾಂಗೊ ಅವನ ಊರಿನ ಹಾಡು. ಹೆಣ್ಣು ಬಿಟ್ಟುಹೋದ ಗಂಡಸರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತ ಅಳುವ ಹಾಡು. ಅರ್ಥವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದ.

ಅದನ್ನು ಮಾವನಿಗೆ ಕೇಳಿಸುವುದು ನನ್ನ ಆಸೆ. ಅವ್ವ ಕಳಿಸಿದ್ದು ಬೇರೆ ಕೆಲಸಕ್ಕೆ, ತನ್ನ ತಮ್ಮನ ಸಂಸಾರ ಕೂಡಿಸಲು. ಇಳಕಲ್ಲಿನಲ್ಲಿ ನೇಯುವ ಮಾವನನ್ನು ಬಿಟ್ಟು ಅತ್ತೆ ಹುನಗುಂದದ ತವರಿಗೆ ಬಂದು ತಿಂಗಳಾಗಿತ್ತು. ಇಳಕಲ್ ಸೀರೆಯ ಮೈಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಮಾವನ ಮನೆಯಲ್ಲಿ ಅದು ಅತ್ತೆಯ ಕೆಲಸ, ಹಾಡುತ್ತಲೇ ಜೋಡಿಸುತ್ತಿದ್ದಳು. ಒಂದು ದಿನ ನಾಲ್ಕು ಮಂದಿಯ ಮುಂದೆ ಮಾವ ಆ ಹಾಡನ್ನು ಅಣಕಿಸಿದ. ಅರ್ಧಕ್ಕೇ ಕೈಬಿಟ್ಟು ಅವಳು ಎದ್ದು ಬಂದಿದ್ದಳು.

ಹುನಗುಂದದಲ್ಲಿ ಇಳಿದಾಗ ಬಿಸಿಲು ಏರಿತ್ತು. ಅತ್ತೆ ರೊಟ್ಟಿ, ಕೆಂಪು ಚಟ್ನಿ ಕೊಟ್ಟಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ನನ್ನ ಭಾಷಣ ಖಾರಕ್ಕೆ ಬರೀ ಕೆಮ್ಮಾಗಿ ಹೊರಬಂತು.

"ನಿಮ್ಮ ಮಾವಗ ಬಾಯಿಲ್ಲೇನು, ನಿನ್ನ ಬಾಯಿ ಕಳಿಸ್ಯಾನ?"

"ಅವ್ವ ಕಳಿಸ್ಯಾಳ, ಅತ್ತಿ."

"ಹಂಗಾರ ಉಂಡು ಹೋಗು."

ಮಧ್ಯಾಹ್ನ ಇಳಕಲ್ ಮುಟ್ಟಿದೆ. ಓಣಿಯ ಮನೆಮನೆಯಲ್ಲೂ ಮಗ್ಗದ ಸದ್ದಿತ್ತು, ಮಾವನ ಮನೆಯಲ್ಲಿ ಇರಲಿಲ್ಲ. ಅರ್ಧ ಜೋಡಿಸಿದ ಎಳೆಗಳ ಮೇಲೆ ತನ್ನ ಧೋತರ ಹೊದಿಸಿದ್ದ.

"ಬ್ಯಾರೆಯವರು ಕೊಂಡಿ ಹಾಕಿ ಕೊಡೂದಿಲ್ಲೇನು, ಮಾವಾ?"

"ಕೊಡ್ತಾರ. ಇದು ಆಕಿ ಸುರು ಮಾಡಿದ್ದು."

ನಾನು ಟ್ಯಾಂಗೊ ಹಚ್ಚಿದೆ.

"ಇವಗೇನಾಗೇತಿ ಅಳಿಯಾ, ಹಲ್ಲುಬ್ಯಾನಿ?"

"ಹೆಂಡ್ತಿ ಹೋಗ್ಯಾಳ. ಭಾಳ ಆರಾಮ ಅದೀನಿ, ಹಾಸಿಗಿ ಪೂರಾ ನಂದ ಅಂತಾನ. ಆದ್ರ ಕಾಫಿ ಮಾತ್ರ ದಿನಾ ಎರಡು ಕಪ್ಪು ಆಗತೈತಂತ."

ಮಾವ ನಕ್ಕ. ನಗು ನಡುವೆಯೇ ನಿಂತಿತು. ಒಲೆಯ ಪಕ್ಕ ತೊಳೆದು ಬೋರಲಿಟ್ಟ ಎರಡು ತಾಟುಗಳಿದ್ದವು.

ಸ್ವಲ್ಪ ಹೊತ್ತಿಗೆ ಧೋತರ ಸರಿಸಿ ಎಳೆಗಳ ಮುಂದೆ ಕುಳಿತು ಅತ್ತೆಯ ಹಾಡನ್ನು ತಡವರಿಸುತ್ತ ಹಾಡಿದ. ಈ ಸಲ ಅಣಕವಿರಲಿಲ್ಲ. ಜಾಣನಂತೆ ನಾನು ರೆಕಾರ್ಡ್ ಗುಂಡಿ ಒತ್ತಿದೆ. ಖಾಲಿ ಕ್ಯಾಸೆಟ್ಟು ತಂದೇ ಇಲ್ಲವೆಂದು ನೆನಪಾಗುವಷ್ಟರಲ್ಲಿ ಮಾವನ ಹಾಡು ಟ್ಯಾಂಗೊವನ್ನು ಅಳಿಸಿ ಅದರ ನಟ್ಟನಡುವೆ ಕೂತುಬಿಟ್ಟಿತ್ತು.

ಮರುದಿನ ಹುನಗುಂದದಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದಳು. ನಾನು ಕ್ಯಾಸೆಟ್ಟು ಹಚ್ಚಿ ಮಾವನ ಹಾಡು ಕೇಳಿಸಿದೆ. ಮೊರ ಆಡುತ್ತಲೇ ಇತ್ತು.

"ಹಾಡಿನ ಎರಡನೇ ನುಡಿ ಬಿಟ್ಟಾನ," ಎಂದಳು.

ಮಾವನ ದನಿ ಮುಗಿದು ಅಳಿದುಳಿದ ಟ್ಯಾಂಗೊ ಶುರುವಾಯಿತು.

"ಇವ ಯಾರು?"

"ಇವನ ಹೆಂಡ್ತೀನೂ ಬಿಟ್ಟು ಹೋಗ್ಯಾಳ."

"ತಿರುಗಿ ಬಂದ್ಲೇನು?"

"ಹಾಡಿನಾಗ ಹೇಳಿಲ್ಲ. ಅಲ್ಲಿಗೇ ಮುಗೀತೈತಿ."

ಮೊರ ನಿಂತಿತು. "ಆ ಎಳಿ ಮ್ಯಾಲೆ ಧೂಳು ಕುಂತಿರ್ಬೇಕು."

"ಇಲ್ಲ. ಮಾವ ಧೋತ್ರ ಹೊಚ್ಯಾನ."

"ಯಾವ ಧೋತ್ರ?"

"ಹಬ್ಬಕ್ಕ ಉಡೂದು."

ಅತ್ತೆ ಒಳಗೆ ಹೋದಳು. ಬಂದಾಗ ಕೈಯಲ್ಲಿ ಚೀಲವಿತ್ತು.

ನಿಲ್ದಾಣಕ್ಕೆ ಇಳಕಲ್ ಬಸ್ಸೇ ಮೊದಲು ಬಂತು. ನಾನು ಬಾದಾಮಿ ಬಸ್ಸಿಗೆ ಕಾಯುತ್ತ ನಿಂತೆ. ಅವಳ ಬಸ್ಸು ತಿರುಗುವಾಗ ನೋಡಿದೆ. ಕಿಟಕಿಯಲ್ಲಿ ಅವಳ ತುಟಿಗಳು ಅಲುಗುತ್ತಿದ್ದವು. ಎರಡನೇ ನುಡಿ ಇರಬೇಕು.